ದನದ ರೇಟು ಏರಿದೆ, ಟ್ಯಾಕ್ಸ್ ಭಯ ಹೋಗಿದೆ, ಆದ್ರೂ ಅಮೆರಿಕದ ಹಳೇ ರಾಂಚ್‌ಗಳು ಯಾಕೆ ಕುಟುಂಬಗಳ ಕೈ ತಪ್ತಿವೆ?

ಕಳೆದ ವರ್ಷದಿಂದ ಅಮೆರಿಕದ ದನ ಸಾಕೋರ ಬಗ್ಗೆ ಬರ್ತಿರೋ ಸುದ್ದಿಗಳನ್ನ ಒಟ್ಟಿಗೆ ಓದಿದ್ರೆ ತಲೆ ಕೆಡುತ್ತೆ. ಒಂದು ಕಡೆ ದನದ ರೇಟು ಹಿಂದೆಂದೂ ಕಾಣದ ಮಟ್ಟಕ್ಕೆ ಹೋಗಿದೆ, 2025ರಲ್ಲಿ ಬೀಫ್ ಕೈಮಾದ ಬೆಲೆ ಅಲ್ಲಿ ಪೌಂಡಿಗೆ 6 ಡಾಲರ್ ದಾಟ್ತು. ಇನ್ನೊಂದು ಕಡೆ ಅದೇ ವರ್ಷ ಜುಲೈ 4ಕ್ಕೆ ಸಹಿಯಾದ ದೊಡ್ಡ ತೆರಿಗೆ ಕಾನೂನು, ಅಪ್ಪ ಅಮ್ಮ ಸತ್ತಾಗ ಆಸ್ತಿ ಮೇಲೆ ಬೀಳೋ ಎಸ್ಟೇಟ್ ಟ್ಯಾಕ್ಸಿನ ವಿನಾಯ್ತಿನ ಒಬ್ಬರಿಗೆ 1.5 ಕೋಟಿ ಡಾಲರಿಗೆ, ಗಂಡ ಹೆಂಡ್ತಿ ಸೇರಿದ್ರೆ 3 ಕೋಟಿ ಡಾಲರಿಗೆ ಏರಿಸಿಬಿಡ್ತು, ಇದು 2026ರ ಜನವರಿ 1ರಿಂದ ಜಾರಿಯಲ್ಲಿದೆ. ಅಂದ್ಮೇಲೆ ನಾಲ್ಕೈದು ತಲೆಮಾರಿಂದ ರಾಂಚ್, ಅಂದ್ರೆ ದನ ಮೇಯಿಸೋ ದೊಡ್ಡ ಜಮೀನು, ನಡೆಸಿಕೊಂಡು ಬಂದಿರೋ ಕುಟುಂಬಗಳು ಆರಾಮಾಗಿರಬೇಕಿತ್ತಲ್ವಾ? ಆದ್ರೆ ಜಮೀನು ಮಾರೋದು ನಿಂತಿಲ್ಲ, ಮತ್ತೆ ಉಳಿಸ್ಕೊಳ್ಳೋಕೆ ಹಠ ಹಿಡಿದಿರೋ ಕುಟುಂಬಗಳಂತೂ ತಮ್ಮ ಜಮೀನಲ್ಲಿ ಮನೆ ಕಟ್ಟೋ, ಸೈಟ್ ಮಾಡಿ ಮಾರೋ ಹಕ್ಕನ್ನೇ ಕಾಗದದ ಮೇಲೆ ಶಾಶ್ವತವಾಗಿ ಬಿಟ್ಟುಕೊಡ್ತಿದ್ದಾರೆ. ಆಸ್ತಿ ಉಳಿಸೋಕೆ ಆಸ್ತಿಯ ಹಕ್ಕನ್ನೇ ಬಿಡೋದು ಅಂದ್ರೆ ಏನು ಅಂತ ಅರ್ಥ ಆಗ್ಬೇಕಾದ್ರೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು.

ರೇಟು ಏರಿದ್ದು ಯಾಕೆ ಅನ್ನೋದನ್ನ ಮೊದಲು ನೋಡಿ

ದನದ ರೇಟು ಏರಿರೋದು ರಾಂಚ್‌ಗಳು ಚೆನ್ನಾಗಿ ನಡೀತಿವೆ ಅಂತ ಅಲ್ಲ, ದನಾನೇ ಕಮ್ಮಿ ಆಗಿವೆ ಅಂತ. 2025ರ ಜನವರಿಯ ಸರ್ಕಾರಿ ಲೆಕ್ಕದಲ್ಲಿ ಅಮೆರಿಕದಲ್ಲಿದ್ದದ್ದು ಸುಮಾರು 8.67 ಕೋಟಿ ದನ, 1951ರಿಂದ ಅಲ್ಲಿಯ ತನಕ ಇಷ್ಟು ಕಮ್ಮಿ ಆಗಿದ್ದೇ ಇರಲಿಲ್ಲ. 2020ರಿಂದ ಮೂರ್ನಾಲ್ಕು ವರ್ಷ ಪಶ್ಚಿಮದ ರಾಜ್ಯಗಳಲ್ಲಿ ಬರ ಬಿದ್ದು ಹುಲ್ಲು ಹೋಯ್ತು, ಹುಲ್ಲಿಲ್ಲ ಅಂದ್ರೆ ಮೇವು ಕೊಂಡು ಹಾಕ್ಬೇಕು, ಅದು ಕೈಗೆಟುಕದೇ ಇದ್ದಾಗ ಜನ ಕರು ಹಾಕೋ ಹಸುಗಳನ್ನೇ ಮಾರಿಬಿಟ್ರು. ಹಸು ಮಾರಿದ ಮೇಲೆ ಮುಂದಿನ ವರ್ಷದ ಕರುಗಳೂ ಇಲ್ಲ. ಮಂದೆ ಮತ್ತೆ ಬೆಳೆಸ್ಬೇಕು ಅಂದ್ರೆ ಹೆಣ್ಣು ಕರುಗಳನ್ನ ಮಾರದೆ ಇಟ್ಕೋಬೇಕು, ಅವು ದೊಡ್ಡವಾಗಿ ಕರು ಹಾಕಿ ಆ ಕರು ಮಾರಾಟಕ್ಕೆ ಬರೋಕೆ ಎರಡು ಮೂರು ವರ್ಷ ಬೇಕು, ಅಷ್ಟು ದಿನ ಆದಾಯ ಕಮ್ಮಿ. ಅದರ ಜೊತೆ ಸ್ಕ್ರೂವರ್ಮ್ ಅನ್ನೋ ಹುಳದ ಭಯಕ್ಕೆ 2025ರಲ್ಲಿ ಮೆಕ್ಸಿಕೋದಿಂದ ಬರೋ ದನಗಳಿಗೂ ಗಡಿ ಮುಚ್ಚಿದ್ರು.

ಅಂದ್ರೆ ರೇಟಿನ ಲಾಭ ಸಿಗೋದು ಬರದಲ್ಲೂ ಹಸುಗಳನ್ನ ಉಳಿಸ್ಕೊಂಡವರಿಗೆ. ಹಸು ಉಳಿದದ್ದು ಹುಲ್ಲು ಉಳಿದ ಕಡೆ. ಆ ಹುಲ್ಲು ಒಂದೆರಡು ವರ್ಷದಲ್ಲಿ ಮಾಡೋ ಕೆಲಸ ಅಲ್ಲ, ಇಲ್ಲಿಂದಲೇ ತಲೆಮಾರಿನ ಪ್ರಶ್ನೆ ಶುರುವಾಗೋದು.

ಹುಲ್ಲು ಹಾಳಾಗೋಕೆ ಹತ್ತು ವರ್ಷ, ಸರಿಹೋಗೋಕೆ ಎಷ್ಟೋ

ಇದನ್ನ ಒಂದು ಜಾಗ ಇಟ್ಕೊಂಡು ನೋಡೋದು ಒಳ್ಳೇದು. ಅರಿಜೋನಾ ರಾಜ್ಯದ ಆಗ್ನೇಯ ಮೂಲೆ, ನ್ಯೂ ಮೆಕ್ಸಿಕೋ ರಾಜ್ಯದ ನೈಋತ್ಯ ಮೂಲೆ, ಕೆಳಗೆ ಮೆಕ್ಸಿಕೋ ಗಡಿ, ಇಲ್ಲಿ ಸುಮಾರು 8 ಲಕ್ಷ ಎಕರೆ ಬೆಟ್ಟ ಬಯಲು ಇದೆ, ಮಾಲ್ಪೈ ಸೀಮೆ ಅಂತ ಕರೀತಾರೆ. ಮಳೆ ಕಮ್ಮಿ, ಅದರಲ್ಲೂ ಹೆಚ್ಚಿನದು ಜುಲೈನಿಂದ ಸೆಪ್ಟೆಂಬರ್ ಒಳಗಿನ ಮಾನ್ಸೂನಲ್ಲೇ ಬರೋದು, ಹೌದು ಅಲ್ಲೂ ಅದನ್ನ ಮಾನ್ಸೂನ್ ಅಂತಾನೇ ಅಂತಾರೆ. 1880ರ ದಶಕದಲ್ಲಿ ರೈಲು ಬಂದ ಮೇಲೆ ಈ ಬಯಲಿಗೆ ತಡೆಯೋಕಾಗದಷ್ಟು ದನ ತುಂಬಿದ್ರು, 1891ರಿಂದ 93ರ ತನಕ ಬಿದ್ದ ಬರದಲ್ಲಿ ಅವು ರಾಶಿ ರಾಶಿ ಸತ್ವು, ಸಾಯೋ ಮುಂಚೆ ಹುಲ್ಲನ್ನ ಬುಡದ ತನಕ ಮೇಯ್ದು ಹೋದ್ವು.

ಹುಲ್ಲು ಹೋದ್ರೆ ಏನಾಗುತ್ತೆ ಅನ್ನೋದು ಒಂದರ ಹಿಂದೆ ಒಂದು ಬರೋ ಸರಪಳಿ. ಒಣಗಿದ ಹುಲ್ಲಿಗೆ ಸಿಡಿಲು ಬಡಿದು ಕೆಲವು ವರ್ಷಕ್ಕೊಮ್ಮೆ ಕಾಳ್ಗಿಚ್ಚು ಬರೋದು ಅಲ್ಲಿನ ಸಹಜ ಕ್ರಮ, ಆ ಬೆಂಕಿ ಹುಲ್ಲಿನ ಬೇರನ್ನ ಏನೂ ಮಾಡಲ್ಲ, ಆದ್ರೆ ಚಿಕ್ಕ ಮುಳ್ಳುಗಿಡಗಳನ್ನ ಸುಟ್ಟುಹಾಕುತ್ತೆ. ಹುಲ್ಲೇ ಇಲ್ಲ ಅಂದ್ರೆ ಬೆಂಕಿ ಹರಡಲ್ಲ. ಬೆಂಕಿ ಇಲ್ಲ ಅಂದ್ರೆ ಮೆಸ್ಕೀಟ್ ಅನ್ನೋ ಮುಳ್ಳುಮರ ಬೆಳೆಯುತ್ತೆ, ನಮ್ಮ ಕಡೆ ಬಳ್ಳಾರಿ ಜಾಲಿ ಅಂತೀವಲ್ಲ ಅದರದ್ದೇ ಬಳಗ, ಬಯಲುಸೀಮೆಯವರಿಗೆ ಅದರ ಹಾವಳಿ ಬಿಡಿಸಿ ಹೇಳ್ಬೇಕಿಲ್ಲ. ಮುಳ್ಳುಗಿಡದ ನಡುವೆ ಮಣ್ಣು ಬರಿದಾಗಿ ಮಳೆ ನೀರು ನಿಲ್ಲದೆ ಹರಿದು ಹಳ್ಳ ಕೊರೆಯುತ್ತೆ, ನೀರು ಇಂಗಲಿಲ್ಲ ಅಂದ್ಮೇಲೆ ಹುಲ್ಲು ಇನ್ನೂ ಕಮ್ಮಿ. ಇದಕ್ಕೆ ಸರ್ಕಾರನೂ ಕೈ ಜೋಡಿಸ್ತು, ಇಪ್ಪತ್ತನೇ ಶತಮಾನದ ಬಹುಪಾಲು ಎಲ್ಲೇ ಬೆಂಕಿ ಬಿದ್ರೂ ತಕ್ಷಣ ಆರಿಸೋದೇ ಅಲ್ಲಿನ ಅರಣ್ಯ ಇಲಾಖೆಯ ನಿಯಮ ಆಗಿತ್ತು.

1991ರಲ್ಲಿ ಇಂಥದ್ದೇ ಒಂದು ಬೆಂಕಿ ಬಿತ್ತು. ಅಲ್ಲಿನ ರಾಂಚ್‌ನವರು ಉರಿಯೋಕೆ ಬಿಡಿ, ಹುಲ್ಲಿಗೆ ಒಳ್ಳೇದು ಅಂದ್ರು, ಅಧಿಕಾರಿಗಳು ಆರಿಸಿಬಿಟ್ರು. ಆ ಸಿಟ್ಟಲ್ಲಿ ಅಕ್ಕಪಕ್ಕದ ಕುಟುಂಬಗಳು ಕೂತು ಮಾತಾಡೋಕೆ ಶುರು ಮಾಡಿದ್ವು, ವಿಜ್ಞಾನಿಗಳನ್ನ ಕರೆದ್ರು, ತಮ್ಮನ್ನ ಟೀಕಿಸ್ತಿದ್ದ ಪರಿಸರದವರನ್ನೂ ಕರೆದ್ರು, 1994ರಲ್ಲಿ ಮಾಲ್ಪೈ ಬಾರ್ಡರ್‌ಲ್ಯಾಂಡ್ಸ್ ಗ್ರೂಪ್ ಅನ್ನೋ ಸಂಸ್ಥೆ ಹುಟ್ಟಿತು. ಇದನ್ನ ಮುನ್ನಡೆಸಿದ ಬಿಲ್ ಮೆಕ್‌ಡೊನಾಲ್ಡ್ ಆ ನೆಲದಲ್ಲಿ ಐದನೇ ತಲೆಮಾರಿನ ರಾಂಚರ್, 1998ರಲ್ಲಿ ಅವರಿಗೆ ಮ್ಯಾಕ್‌ಆರ್ಥರ್ ಫೆಲೋಶಿಪ್ ಅನ್ನೋ ಅಮೆರಿಕದ ದೊಡ್ಡ ಗೌರವ ಬಂತು. ಲೆಕ್ಕ ಹಾಕಿ ಯೋಜನೆ ಮಾಡಿ ಬೆಂಕಿ ಹಚ್ಚೋದು, ಹಳ್ಳಕ್ಕೆ ಅಡ್ಡವಾಗಿ ಸಡಿಲ ಕಲ್ಲಿನ ತಡೆ ಹಾಕಿ ನೀರಿನ ವೇಗ ಕಮ್ಮಿ ಮಾಡೋದು, ದನಗಳನ್ನ ಒಂದೇ ಕಡೆ ಬಿಡದೆ ಸರದಿ ಪ್ರಕಾರ ಮೇಯಿಸೋದು, ಹೀಗೆ ಸಾಗಿದೆ ಕೆಲಸ. 2003ರಲ್ಲಿ ಹತ್ತಾರು ಸಾವಿರ ಎಕರೆಗೆ ಒಟ್ಟಿಗೆ ಯೋಜಿತ ಬೆಂಕಿ ಕೊಟ್ರು. ಅದೇ ಸೀಮೆಯ ರಾಂಚರ್ ವಾರ್ನರ್ ಗ್ಲೆನ್ 1996ರಲ್ಲಿ ಪೆಲೊನ್ಸಿಯೋ ಬೆಟ್ಟದಲ್ಲಿ ಜೀವಂತ ಜಾಗ್ವಾರ್ ಫೋಟೋ ತೆಗೆದ್ರು. ದನ ಸಾಕೋನು ದೊಡ್ಡ ಬೆಕ್ಕನ್ನ ಕಂಡ್ರೆ ಗುಂಡು ಹೊಡೀತಾನೆ ಇಲ್ಲಾ ಬಾಯಿ ಮುಚ್ಕೋತಾನೆ ಅನ್ನೋ ನಂಬಿಕೆ ಇದ್ದ ಕಾಲ ಅದು, ಸುದ್ದಿ ಹೊರಗೆ ಬಂದ್ರೆ ತಮ್ಮ ಜಮೀನಿನ ಮೇಲೇ ನಿರ್ಬಂಧ ಬರಬಹುದು ಅಂತ ಗೊತ್ತಿದ್ದೂ ಅವರು ಫೋಟೋ ಬಹಿರಂಗ ಮಾಡಿದ್ರು. ಮರು ವರ್ಷ ಜಾಗ್ವಾರ್ ಅಮೆರಿಕದ ಅಳಿವಿನಂಚಿನ ಪಟ್ಟಿಗೂ ಸೇರಿತು.

ಈಗ ಯೋಚ್ನೆ ಮಾಡಿ. ಬೆಂಕಿ, ಕಲ್ಲು, ಸರದಿ, ಇದರ ಫಲ ಕಾಣೋಕೆ ಎರಡು ಮೂರು ದಶಕ ಬೇಕು. ಅಷ್ಟರಲ್ಲಿ ಶುರು ಮಾಡಿದವರಿಗೆ ವಯಸ್ಸಾಗಿರುತ್ತೆ ಇಲ್ಲಾ ಅವರು ತೀರಿಕೊಂಡಿರ್ತಾರೆ. ನೆಲ ಸರಿಹೋಗೋ ಹೊತ್ತಿಗೆ ಸರಿಯಾಗಿ ಆಸ್ತಿ ಪಾಲಾಗೋ ಹೊತ್ತೂ ಬಂದಿರುತ್ತೆ. ಈ ಎರಡು ಕಾಲ ಒಂದಕ್ಕೊಂದು ಡಿಕ್ಕಿ ಹೊಡೆಯೋದೇ ಸಮಸ್ಯೆಯ ತಿರುಳು, ಎಸ್ಟೇಟ್ ಟ್ಯಾಕ್ಸ್ ಅದರ ಒಂದು ಚಿಕ್ಕ ತುಂಡು ಅಷ್ಟೇ.

ಟ್ಯಾಕ್ಸ್ ಅಲ್ಲ, ಪಾಲು

ಎಸ್ಟೇಟ್ ಟ್ಯಾಕ್ಸ್ ಶೇ. 40ರ ತನಕ ಹೋಗುತ್ತೆ, ಕೇಳಿದ್ರೆ ಭಯ ಆಗುತ್ತೆ ನಿಜ. ಆದ್ರೆ ಅದು ವಿನಾಯ್ತಿ ಮಿತಿ ದಾಟಿದ ಭಾಗಕ್ಕೆ ಮಾತ್ರ. ಹಿಂದಿನ ಮಿತಿಯೇ 2025ರಲ್ಲಿ ಸುಮಾರು 1.4 ಕೋಟಿ ಡಾಲರ್ ಇತ್ತು, ಆಗಲೇ ಅಮೆರಿಕದ ಕೃಷಿ ಆಸ್ತಿಗಳಲ್ಲಿ ಈ ಟ್ಯಾಕ್ಸ್ ಕಟ್ಟಬೇಕಾದವು ಶೇ. 1ಕ್ಕಿಂತ ಕಮ್ಮಿ ಅಂತ ಕೃಷಿ ಇಲಾಖೆಯ ಅಂದಾಜೇ ಹೇಳ್ತಿತ್ತು. 2017ರ ಕಾನೂನು 2025ರ ಕೊನೆಗೆ ಮುಗಿದು ಮಿತಿ ಅರ್ಧಕ್ಕೆ ಇಳಿಯುತ್ತೆ ಅನ್ನೋ ಆತಂಕ ಇತ್ತು, ಅದು ಈಗ ಹೋಯ್ತು. ಅದರಿಂದ ಕೆಲವು ಕುಟುಂಬಗಳಿಗೆ ನಿಜವಾಗ್ಲೂ ಅನುಕೂಲ ಆಗಿದೆ, ಆದ್ರೆ ರಾಂಚ್ ಒಡೆಯೋಕೆ ಮುಖ್ಯ ಕಾರಣ ಅದಲ್ಲ.

ಒಂದು ಲೆಕ್ಕ ಹಾಕೋಣ, ಇದು ಬರೀ ಉದಾಹರಣೆ. ಒಂದು ರಾಂಚಿದೆ, ದನ ಮೇಯಿಸೋ ಜಮೀನಾಗಿ ಅದರ ಬೆಲೆ 60 ಲಕ್ಷ ಡಾಲರ್. ಆದ್ರೆ ಹತ್ತಿರದ ಊರು ಬೆಳೆದಿದೆ, ನಗರದ ಶ್ರೀಮಂತರು ಬೆಟ್ಟ ಕಾಣೋ ಹಾಗೆ ಬಂಗ್ಲೆ ಕಟ್ಟೋಕೆ 40 ಎಕರೆ ತುಂಡುಗಳನ್ನ ಕೇಳ್ತಿದಾರೆ, ಹಾಗೆ ಮಾರಿದ್ರೆ 1.2 ಕೋಟಿ. ಮೂರು ಮಕ್ಕಳು, ಒಬ್ಬಳು ಮಾತ್ರ ರಾಂಚಲ್ಲೇ ಇದ್ದು ದುಡೀತಿದಾಳೆ, ಇನ್ನಿಬ್ಬರು ಡೆನ್ವರ್, ಫೀನಿಕ್ಸಲ್ಲಿ ಕೆಲಸದಲ್ಲಿದಾರೆ. ಆಸ್ತಿ 1.5 ಕೋಟಿ ದಾಟಿಲ್ಲ, ಹಾಗಾಗಿ ಎಸ್ಟೇಟ್ ಟ್ಯಾಕ್ಸ್ ಸೊನ್ನೆ. ಆದ್ರೂ ಆ ಮಗಳು ಜಮೀನು ಒಡೆಯದೆ ಉಳಿಸ್ಕೋಬೇಕು ಅಂದ್ರೆ ಒಡಹುಟ್ಟಿದವರಿಗೆ ತಲಾ 40 ಲಕ್ಷದ ಹಾಗೆ 80 ಲಕ್ಷ ಕೊಡ್ಬೇಕು. ಸಾಲ ತಗೊಂಡ್ರೆ ಶೇ. 5ರ ಬಡ್ಡಿಯೇ ವರ್ಷಕ್ಕೆ 4 ಲಕ್ಷ. ರಾಂಚಿಂದ ಒಳ್ಳೇ ವರ್ಷದಲ್ಲಿ ಉಳಿಯೋದು 2 ಲಕ್ಷ ಅಂದ್ಕೊಳ್ಳಿ. ಮುಗೀತು, ಮಾರಲೇಬೇಕು, ಇಲ್ಲಿ ಯಾರದ್ದೂ ದುರಾಸೆ ಇಲ್ಲ, ಊರು ಬಿಟ್ಟ ಮಕ್ಕಳು ತಮ್ಮ ಪಾಲು ಕೇಳೋದು ನ್ಯಾಯವೇ.

ಪಾಲಿನ ಜಗಳದಲ್ಲಿ ಜಮೀನು ಚೂರಾಗೋದು ನಮಗೆ ಹೊಸದಲ್ಲ, ನಮ್ಮಲ್ಲಿ ಒಬ್ಬ ರೈತನ ಹತ್ತೆಕರೆ ಎರಡು ತಲೆಮಾರಲ್ಲಿ ಎರಡೆರಡು ಎಕರೆ ಆಗಿದ್ದನ್ನ ಎಲ್ಲರೂ ನೋಡಿದೀವಿ. ವ್ಯತ್ಯಾಸ ಏನಂದ್ರೆ ಎರಡೆಕರೆಯಲ್ಲಿ ರಾಗಿ ಬೆಳೀಬಹುದು, ಮಳೆ ಕಮ್ಮಿ ಇರೋ ಪಶ್ಚಿಮ ಅಮೆರಿಕದಲ್ಲಿ ಒಂದು ಹಸುಗೇ ವರ್ಷಕ್ಕೆ ಹತ್ತಾರು ಎಕರೆ ಬೇಕು, ಅಲ್ಲಿ ತುಂಡಾದ ರಾಂಚ್ ರಾಂಚಾಗಿ ಉಳಿಯೋದೇ ಇಲ್ಲ.

ಭಾರೀ ಶ್ರೀಮಂತರಿಗೂ ಇದು ತಪ್ಪಿಲ್ಲ. ಟೆಕ್ಸಸ್‌ನ ವ್ಯಾಗನರ್ ರಾಂಚ್ 5 ಲಕ್ಷ ಎಕರೆಗೂ ಹೆಚ್ಚು, ಒಂದೂವರೆ ಶತಮಾನ ಒಂದೇ ಕುಟುಂಬದ್ದಾಗಿತ್ತು, ವಾರಸುದಾರರ ಕೋರ್ಟ್ ಜಗಳ ದಶಕಗಟ್ಟಲೆ ಎಳೆದು ಕೊನೆಗೆ 72.5 ಕೋಟಿ ಡಾಲರ್ ಬೆಲೆ ಹಾಕಿ ಮಾರಾಟಕ್ಕಿಟ್ರು, 2016ರಲ್ಲಿ ಕ್ರೀಡಾ ತಂಡಗಳ ಮಾಲೀಕ ಸ್ಟ್ಯಾನ್ ಕ್ರೋಂಕೆ ಕೈಗೆ ಹೋಯ್ತು. ಅದೇ ರಾಜ್ಯದ 6666 ರಾಂಚ್ ಒಡತಿ ಆನ್ ಮೇರಿಯನ್ 2020ರಲ್ಲಿ ತೀರಿಕೊಂಡ ಮೇಲೆ ಅವರ ವಿಲ್ ಪ್ರಕಾರವೇ ಮಾರಾಟ ಆಯ್ತು.

ಈಸ್‌ಮೆಂಟ್ ಅಂದ್ರೆ ಏನು ಬಿಟ್ಟುಕೊಡೋದು

ಇಲ್ಲಿ ಬರುತ್ತೆ ಕನ್ಸರ್ವೇಶನ್ ಈಸ್‌ಮೆಂಟ್. ಜಮೀನಿನ ಮಾಲೀಕತ್ವ ಒಂದೇ ಹಕ್ಕಲ್ಲ, ಹಲವು ಹಕ್ಕುಗಳ ಕಟ್ಟು. ಮೇಯಿಸೋ ಹಕ್ಕು, ಮಾರೋ ಹಕ್ಕು, ತುಂಡು ಮಾಡಿ ಲೇಔಟ್ ಹಾಕೋ ಹಕ್ಕು. ಕುಟುಂಬ ಕೊನೇದನ್ನ ಮಾತ್ರ ಒಂದು ಲ್ಯಾಂಡ್ ಟ್ರಸ್ಟಿಗೆ, ಅಂದ್ರೆ ಜಮೀನು ಕಾಪಾಡೋ ಸಂಸ್ಥೆಗೆ, ಬರೆದುಕೊಡುತ್ತೆ. ಟ್ರಸ್ಟ್ ತಾನೂ ಅಲ್ಲಿ ಏನೂ ಕಟ್ಟೋ ಹಾಗಿಲ್ಲ, ಬೇರೆಯವರು ಕಟ್ಟದ ಹಾಗೆ ನೋಡ್ಕೊಳ್ಳೋದೇ ಅದರ ಕೆಲಸ. ಜಮೀನು ಕುಟುಂಬದ್ದೇ, ಮಾರಬಹುದು, ಮಕ್ಕಳಿಗೆ ಕೊಡಬಹುದು, ಆದ್ರೆ ಯಾರೇ ಕೊಂಡ್ರೂ ಆ ಷರತ್ತು ಜಮೀನಿನ ಜೊತೆಗೇ ಹೋಗುತ್ತೆ, ಯಾವತ್ತಿಗೂ.

ಹಾಗೆ ಬರೆದ ತಕ್ಷಣ ಮೇಲಿನ ರಾಂಚಿನ ಬೆಲೆ 1.2 ಕೋಟಿಯಿಂದ 60 ಲಕ್ಷಕ್ಕೆ ಇಳಿಯುತ್ತೆ. ಬಿಟ್ಟುಕೊಟ್ಟ 60 ಲಕ್ಷಕ್ಕೆ ಬದಲಾಗಿ ಏನು ಸಿಗುತ್ತೆ? ಪೂರ್ತಿ ದಾನ ಮಾಡಿದ್ರೆ ಇನ್‌ಕಮ್ ಟ್ಯಾಕ್ಸಲ್ಲಿ ಕಡಿತ, 2015ರಲ್ಲಿ ಇದನ್ನ ಕಾಯಂ ಮಾಡಿದ್ರು, ರೈತರಾದ್ರೆ ವರ್ಷದ ಪೂರ್ತಿ ಆದಾಯಕ್ಕೆ ಸಮನಾಗಿ, ಮಿಕ್ಕಿದ್ದನ್ನ ಮುಂದಿನ 15 ವರ್ಷದ ತನಕ ಹೊಂದಿಸ್ಕೋಬಹುದು. ಆದ್ರೆ ಆದಾಯವೇ ಕಮ್ಮಿ ಇರೋರಿಗೆ ಟ್ಯಾಕ್ಸ್ ಕಡಿತದಿಂದ ಏನು ಸಿಗುತ್ತೆ? ಅವರಿಗೆ ಬೇಕಾದ್ದು ಕಾಸು. 2014ರ ಫಾರ್ಮ್ ಬಿಲ್ ಅನ್ನೋ ಕೃಷಿ ಕಾನೂನಿನ ಮೂಲಕ ಬಂದ ಒಂದು ಫೆಡರಲ್ ಯೋಜನೆ ಈಸ್‌ಮೆಂಟ್ ಬೆಲೆಯ ಅರ್ಧದ ತನಕ, ಪರಿಸರಕ್ಕೆ ವಿಶೇಷ ಮಹತ್ವದ ಹುಲ್ಲುಗಾವಲಾದ್ರೆ ಮುಕ್ಕಾಲು ಭಾಗದ ತನಕ ಹಣ ಕೊಡುತ್ತೆ.

ಅರ್ಧ ಬಂತು ಅಂದ್ಕೊಳ್ಳಿ, 30 ಲಕ್ಷ ಕಾಸು, 60 ಲಕ್ಷದ ಜಮೀನು, ಒಟ್ಟು 90, ಮೂರು ಪಾಲು ಮಾಡಿದ್ರೆ ತಲಾ 30. ಮಗಳು ಇಬ್ಬರಿಗೂ ಸೇರಿ 60 ಕೊಡ್ಬೇಕು, ಬಂದ 30ನ್ನ ಅವರಿಗೇ ಕೊಟ್ಟುಬಿಟ್ರೆ ಉಳಿಯೋ ಸಾಲ 30 ಲಕ್ಷ. ಬಡ್ಡಿ ವರ್ಷಕ್ಕೆ ಒಂದೂವರೆ ಲಕ್ಷ, ಆದಾಯ 2 ಲಕ್ಷ. ಕಷ್ಟವೇ, ಆದ್ರೆ ಆಗದ ಮಾತಲ್ಲ. ಇದರಲ್ಲಿ ಒಂದು ನೋವೂ ಇದೆ, ದೂರ ಇರೋ ಇಬ್ಬರಿಗೂ 40ರ ಬದಲು 30 ಸಿಕ್ಕಿತು, ತಲಾ 10 ಲಕ್ಷ ಖೋತಾ. ಅದಕ್ಕೇ ಈ ಮಾತುಕತೆ ಅಪ್ಪ ಅಮ್ಮ ಬದುಕಿರುವಾಗಲೇ, ಎಲ್ಲಾ ಮಕ್ಕಳನ್ನ ಕೂರಿಸ್ಕೊಂಡು ಆಗ್ಬೇಕು. ಸತ್ತ ಮೇಲೆ ಮೂರೂ ಜನ ಒಪ್ಪೋದು ಬಹಳ ಕಷ್ಟ.

ಮಾಲ್ಪೈನವರು ಕಾಸೂ ಇಲ್ಲದ ದಾರಿ ಒಂದನ್ನ ಕಂಡುಕೊಂಡ್ರು, ಅದು ನಿಜಕ್ಕೂ ಸೊಗಸಾದ ಉಪಾಯ. ಪಕ್ಕದಲ್ಲಿ ಗ್ರೇ ರಾಂಚ್ ಅಂತ 3 ಲಕ್ಷ ಎಕರೆಗೂ ದೊಡ್ಡದಾದ ಜಮೀನಿದೆ, 1990ರಲ್ಲಿ ನೇಚರ್ ಕನ್ಸರ್ವೆನ್ಸಿ ಅನ್ನೋ ಪರಿಸರ ಸಂಸ್ಥೆ ಕೊಂಡು ಆಮೇಲೆ ಈಸ್‌ಮೆಂಟ್ ಉಳಿಸ್ಕೊಂಡು ಸ್ಥಳೀಯ ಹ್ಯಾಡ್ಲಿ ಕುಟುಂಬದ ಅನಿಮಾಸ್ ಫೌಂಡೇಶನ್‌ಗೆ ಮಾರ್ತು. ಬರ ಬಂದಾಗ ಅಕ್ಕಪಕ್ಕದವರು ತಮ್ಮ ದನಗಳನ್ನ ಅಲ್ಲಿಗೆ ಮೇಯೋಕೆ ಬಿಡ್ತಾರೆ, ತಮ್ಮ ನೆಲಕ್ಕೆ ವಿಶ್ರಾಂತಿ ಕೊಡ್ತಾರೆ, ದನ ಮೇಯ್ದ ಹುಲ್ಲಿನ ಬೆಲೆಗೆ ಬದಲಾಗಿ ತಮ್ಮ ಜಮೀನಿನ ಮೇಲೆ ಈಸ್‌ಮೆಂಟ್ ಬರ್ಕೊಡ್ತಾರೆ. ಇದಕ್ಕೆ ಗ್ರಾಸ್‌ಬ್ಯಾಂಕ್ ಅಂತ ಹೆಸರು. ಇನ್ನೊಂದು ಜಾಣತನ, ಅಲ್ಲಿ ಸುತ್ತಲಿನ ಸರ್ಕಾರಿ ಜಮೀನಿನ ಮೇವಿನ ಗುತ್ತಿಗೆ ಇಲ್ಲದೆ ರಾಂಚ್ ನಡೆಯಲ್ಲ, ಹಾಗಾಗಿ ತನ್ನ ತಪ್ಪಿಲ್ಲದೆ ರಾಂಚರ್ ಆ ಗುತ್ತಿಗೆ ಕಳ್ಕೊಂಡ್ರೆ ಈಸ್‌ಮೆಂಟಿಂದ ಹೊರಬರೋ ಅವಕಾಶ ಕರಾರಲ್ಲೇ ಇಟ್ಟಿದಾರೆ.

ಬೇಡ ಅನ್ನೋರ ವಾದ

ವಿರೋಧ ಮಾಡೋರನ್ನ ಸುಮ್ನೆ ತಳ್ಳಿಹಾಕೋಕಾಗಲ್ಲ, ಅವರಲ್ಲೂ ಬೇರೆ ಬೇರೆ ಬಣಗಳಿವೆ. ಆಸ್ತಿ ಹಕ್ಕಿನ ಕಡೆಯವರು ಕೇಳೋದು, ಇವತ್ತು ಬದುಕಿರೋರು ಇನ್ನೂ ಹುಟ್ಟದ ಮೊಮ್ಮಕ್ಕಳ ಕೈ ಯಾಕೆ ಕಟ್ಟಬೇಕು ಅಂತ. ನೂರು ವರ್ಷ ಆದ್ಮೇಲೆ ಅಲ್ಲಿ ಮಳೆಯೇ ಇಲ್ಲದೆ ದನ ಸಾಕೋದೇ ಆಗದೇ ಹೋದ್ರೆ? ನೆಬ್ರಾಸ್ಕಾ ರಾಜ್ಯದಲ್ಲಂತೂ ಸ್ಥಳೀಯ ಆಡಳಿತ ಒಪ್ಪದೆ ಈಸ್‌ಮೆಂಟ್ ಆಗೋದೇ ಇಲ್ಲ.

ಎರಡನೇದು ಸಾರ್ವಜನಿಕರ ದುಡ್ಡಿನ ಪ್ರಶ್ನೆ. ಕ್ಯಾಲಿಫೋರ್ನಿಯಾದ ಹರ್ಸ್ಟ್ ರಾಂಚ್ ನೋಡಿ, ಜಾರ್ಜ್ ಹರ್ಸ್ಟ್ 1865ರಲ್ಲಿ ಕೊಳ್ಳೋಕೆ ಶುರು ಮಾಡಿದ ಕರಾವಳಿ ಜಮೀನು. ಅಲ್ಲಿ ದೊಡ್ಡ ರೆಸಾರ್ಟ್ ಮಾಡ್ತೀವಿ ಅಂದಿದ್ದನ್ನ 1998ರಲ್ಲಿ ಕರಾವಳಿ ಆಯೋಗ ತಿರಸ್ಕರಿಸ್ತು. 2005ರಲ್ಲಿ 82,000 ಎಕರೆಗೆ ಈಸ್‌ಮೆಂಟ್ ಆಯ್ತು, 8 ಕೋಟಿ ಡಾಲರ್ ನಗದು ಮತ್ತೆ 1.5 ಕೋಟಿ ಟ್ಯಾಕ್ಸ್ ರಿಯಾಯ್ತಿ, ಸುಮಾರು 13 ಮೈಲಿ ಕರಾವಳಿ ರಾಜ್ಯಕ್ಕೆ ಬಂತು. ಆದ್ರೆ ಹರ್ಸ್ಟ್‌ನವರು 27 ಮನೆ ಮತ್ತು 100 ರೂಮಿನ ಹೋಟೆಲಿನ ಹಕ್ಕು ಇಟ್ಕೊಂಡ್ರು, ಒಳನಾಡಿನ ಬೆಟ್ಟಗಳಿಗೆ ಜನ ಕಾಲಿಡೋ ಹಾಗಿಲ್ಲ. ದುಡ್ಡು ಕೊಟ್ಟ ಜನಕ್ಕೆ ಹೋಗಿ ನೋಡೋ ಹಕ್ಕೂ ಇಲ್ವಾ ಅನ್ನೋ ಪ್ರಶ್ನೆಯಲ್ಲಿ ನ್ಯಾಯ ಇದೆ. ಅದಕ್ಕಿಂತ ಕೆಟ್ಟದ್ದೂ ನಡೀತು, ಹೂಡಿಕೆದಾರರ ಗುಂಪು ಕಟ್ಟಿಕೊಂಡು ಜಮೀನಿನ ಬೆಲೆನ ಹಲವು ಪಟ್ಟು ಉಬ್ಬಿಸಿ ತೋರಿಸಿ ಟ್ಯಾಕ್ಸ್ ಹೊಡೆಯೋ ದಂಧೆ. 2022ರ ಕೊನೆಗೆ ಸಂಸತ್ತು ಕಾನೂನು ತಂದು, ಇಂಥ ಗುಂಪುಗಳು ತಾವು ಹಾಕಿದ ಬಂಡವಾಳದ ಎರಡೂವರೆ ಪಟ್ಟಿಗಿಂತ ಹೆಚ್ಚು ಕಡಿತ ಕೇಳೋ ಹಾಗಿಲ್ಲ ಅಂತ ಮಾಡ್ತು. ಈ ದಂಧೆ ಮಾಡಿದವರು ರಾಂಚ್ ಕುಟುಂಬಗಳಲ್ಲ, ಆದ್ರೆ ತನಿಖೆಯ ಬಿಸಿ, ಅನುಮಾನದ ನೋಟ ತಟ್ಟಿದ್ದು ಅವರಿಗೂ.

ಪರಿಸರದವರಲ್ಲಿ ಒಂದು ಬಣ, ಒಣ ಸೀಮೆಯಲ್ಲಿ ದನವೇ ಇರಬಾರದು ಅನ್ನುತ್ತೆ. ಸರ್ಕಾರಿ ಜಮೀನಲ್ಲಿ ಒಂದು ಹಸು ಮತ್ತದರ ಕರು ಒಂದು ತಿಂಗಳು ಮೇಯೋಕೆ ಬಹಳ ವರ್ಷ ಕೊಟ್ಟಿದ್ದು ಬರೀ 1.35 ಡಾಲರ್, ಇದೂ ಸಬ್ಸಿಡಿನೇ ಅಂತ ಅವರ ಲೆಕ್ಕ. ಸುಮ್ನೆ ಬಿಟ್ರೆ ನೆಲ ತಾನೇ ಸರಿಹೋಗುತ್ತೆ ಅನ್ನೋ ಅವರ ನಂಬಿಕೆ ಮಾತ್ರ ಮಾಲ್ಪೈಯಂಥ ಕಡೆ ಪೂರ್ತಿ ನಿಲ್ಲಲ್ಲ, ಮುಳ್ಳುಗಿಡ ಒಮ್ಮೆ ನೆಲೆ ನಿಂತ ಮೇಲೆ ದನ ತೆಗೆದ ಮಾತ್ರಕ್ಕೆ ಹುಲ್ಲು ವಾಪಸ್ ಬರಲ್ಲ, ಬೆಂಕಿ ಕೊಡೋರು ಬೇಕು, ಹಳ್ಳ ಕಟ್ಟೋರು ಬೇಕು.

ಇನ್ನೊಂದು ಮಾತು ಈ ಚರ್ಚೆಯಲ್ಲಿ ಸಾಕಷ್ಟು ಬರಲ್ಲ, ಬರಬೇಕು. ಐತಿಹಾಸಿಕ ಜಮೀನು ಅಂತೀವಲ್ಲ, ಯಾರ ಇತಿಹಾಸ? ಅಲ್ಲಿನ ಮೂಲನಿವಾಸಿ ಅಪಾಚೆ ಜನರ ನಾಯಕ ಜೆರೊನಿಮೊ 1886ರ ಸೆಪ್ಟೆಂಬರಲ್ಲಿ ಕೊನೇ ಸಲ ಶರಣಾದ ಸ್ಕೆಲಿಟನ್ ಕ್ಯಾನ್ಯನ್ ಇರೋದು ಇದೇ ಪೆಲೊನ್ಸಿಯೋ ಬೆಟ್ಟದಲ್ಲಿ. ಅವನ ಜನರನ್ನ ರೈಲಿಗೆ ತುಂಬಿ ಫ್ಲೋರಿಡಾಗೆ ಕೈದಿಗಳಾಗಿ ಕಳಿಸಿದ ಮೇಲೆ ಈ ಬಯಲು ರಾಂಚ್‌ಗಳಿಗೆ ನಿರಾತಂಕ ಆಯ್ತು. ಐದು ತಲೆಮಾರು ಅನ್ನೋದು ಲೆಕ್ಕಕ್ಕೆ ಶುರುವಾಗೋದೇ ಹೆಚ್ಚುಕಮ್ಮಿ ಅಲ್ಲಿಂದ. ನೆಲದ ಮೇಲೆ ಯಾರೂ ಏನೂ ಕಟ್ಟಬಾರದು ಅಂತ ಶಾಶ್ವತವಾಗಿ ಬರೆಯೋ ಕಾಗದದಲ್ಲಿ ಆ ಜನ ಬಂದು ಹೋಗೋಕೆ, ತಮ್ಮ ಪವಿತ್ರ ಜಾಗ ಕಾಣೋಕೆ ಎರಡು ಸಾಲು ಸೇರಿಸೋದು ಕಷ್ಟದ ಕೆಲಸ ಅಲ್ಲ.

ಮುಂದೇನಾಗಬಹುದು

ಹೊಸ ತೆರಿಗೆ ಮಿತಿಯಿಂದ ಒಂದು ತಲೆಕೆಳಗಾದ ಪರಿಣಾಮ ಆಗಬಹುದು. ಈ ಮುಂಚೆ ಕೆಲವು ದೊಡ್ಡ ಕುಟುಂಬಗಳು ಎಸ್ಟೇಟ್ ಟ್ಯಾಕ್ಸ್ ಭಯಕ್ಕೇ ಈಸ್‌ಮೆಂಟ್ ದಾನ ಮಾಡ್ತಿದ್ವು, ಜಮೀನಿನ ಬೆಲೆ ಇಳಿದ್ರೆ ಟ್ಯಾಕ್ಸೂ ಇಳಿಯುತ್ತಲ್ಲ. ಭಯ ಹೋದ್ಮೇಲೆ ದಾನ ಕಮ್ಮಿಯಾಗೋ ಸಾಧ್ಯತೆ ಇದೆ, ಆಗ ಭಾರ ಪೂರ್ತಿ ಬೀಳೋದು ಕಾಸು ಕೊಟ್ಟು ಕೊಳ್ಳೋ ಯೋಜನೆಗಳ ಮೇಲೆ, ಅವುಗಳ ಹಣ ಸಂಸತ್ತು ಎಷ್ಟು ಕೊಡುತ್ತೆ ಅನ್ನೋದರ ಮೇಲೆ ನಿಂತಿದೆ. ದನದ ರೇಟು ಹೀಗೇ ಇದ್ರೆ ಊರಲ್ಲಿ ಉಳಿದ ಮಕ್ಕಳಿಗೆ ಸಾಲ ತೀರಿಸೋಕೆ ಒಂದಷ್ಟು ವರ್ಷ ಸಿಗುತ್ತೆ, ಆದ್ರೆ ಎತ್ತರದ ರೇಟಲ್ಲಿ ಸಾಲ ಮಾಡಿ ಇಳಿದ ರೇಟಲ್ಲಿ ಕಟ್ಟೋ ಸ್ಥಿತಿ ಬಂದ್ರೆ ಈಸ್‌ಮೆಂಟ್ ಇದ್ದ ಜಮೀನೂ ಬೇರೆಯವರ ಕೈಗೆ ಹೋಗುತ್ತೆ. ಹೋದ್ರೂ ಲೇಔಟ್ ಆಗಲ್ಲ, ಹುಲ್ಲು ಉಳಿಯುತ್ತೆ, ಕುಟುಂಬ ಉಳಿಯಲ್ಲ. ಈಸ್‌ಮೆಂಟಿಂದ ಎರಡೂ ಆಗುತ್ತೆ ಅಂತ ಅಂದ್ಕೊಂಡವರು ಇದನ್ನ ಗಮನಿಸ್ಬೇಕು.

ಸರ್ಕಾರದ ಕೈಯಿಂದ ಈ ಕಾಗದ ಕಾಪಾಡಲ್ಲ ಅನ್ನೋದೂ ಗೊತ್ತಿರಲಿ. 2020ರಲ್ಲಿ ಗಡಿ ಗೋಡೆಗೋಸ್ಕರ ಮಾಲ್ಪೈ ಸೀಮೆಯ ಗ್ವಾಡಲೂಪೆ ಕ್ಯಾನ್ಯನ್‌ನಲ್ಲಿ ಬೆಟ್ಟಗಳಿಗೆ ಡೈನಮೈಟ್ ಇಟ್ಟು ದಾರಿ ಮಾಡಿದ್ರು, ಜಾಗ್ವಾರ್ ಮೆಕ್ಸಿಕೋದಿಂದ ಬರೋದು ಆ ಬೆಟ್ಟಗಳಲ್ಲೇ.

2022ರ ಕೃಷಿ ಗಣತಿಯಲ್ಲಿ ಅಮೆರಿಕದ ರೈತರ ಸರಾಸರಿ ವಯಸ್ಸು 58.1. ಅಂದ್ರೆ ಮುಂದಿನ ಹದಿನೈದು ಇಪ್ಪತ್ತು ವರ್ಷದಲ್ಲಿ ಬಹಳಷ್ಟು ಜಮೀನು ಕೈ ಬದಲಾಯಿಸೋದು ಖಚಿತ, ಮತ್ತೆ ಈಸ್‌ಮೆಂಟ್ ಒಂದನ್ನ ಅಳತೆ, ಮೌಲ್ಯಮಾಪನ, ಟ್ರಸ್ಟಿನ ಒಪ್ಪಿಗೆ, ಹಣದ ಮಂಜೂರಾತಿ ಎಲ್ಲಾ ಮುಗಿಸಿ ರಿಜಿಸ್ಟರ್ ಮಾಡಿಸೋಕೇ ಎಷ್ಟೋ ಸಲ ಎರಡು ಮೂರು ವರ್ಷ ಹಿಡಿಯುತ್ತೆ, ಮಕ್ಕಳನ್ನ ಒಪ್ಪಿಸೋ ಕಾಲ ಇದರಲ್ಲಿ ಸೇರಿಲ್ಲ.